ನಮ್ಮ ಅಂಗಡಿಯ ಕಂಪ್ಯೂಟರ್ ಯಾರಿಗೆ?

ದೀಪಾವಳಿಯೊಳಗೆ ನನ್ನ ಅಂಗಡಿಯವರೇ ಅದನ್ನು ನಡೆಸುವಂತಾದರೆ ಕಂಪ್ಯೂಟರ್ ನನ್ನದು; ಇಲ್ಲದಿದ್ದರೆ ಯಂತ್ರ ತಂದವನದು, ನನ್ನ ಮುಂಗಡ ವಾಪಸ್. ಎಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನ ನನ್ನ ಶೇಂಗಾ ದಲಾಲಿ ಅಂಗಡಿಗೆ ಅದನ್ನು ತಂದಿಟ್ಟ ದಾವಣಗೆರೆಯ ಇಂಜಿನಿಯರನ ಜೊತೆ ಆದ ಮಾತು ಇಷ್ಟೇ. ತಕ್ಕಡಿಯಿರಲಿ, ಟೆಲಿಫೋನಿರಲಿ, ಅಂಗಡಿಗೆ ಹೊಸದೇನು ಬಂದರೂ ನಾಲ್ಕು ದಿನ ನಗೆಪಾಟಲು ಇದ್ದದ್ದೇ. ಇದು ಹಬ್ಬದವರೆಗೂ ನಗಿಸಿತು.

"ಪರದೆ ಮೇಲೆ ಏನು ಕಾಣ್ಬೇಕು ಅಂತ ನಾನೇ ಬರೀತೀನಿ ಸಾವ್ಕಾರ್ರೇ. ಆದ್ರೆ ಯಾರಿಗೆ ಅಂತ ಬರೀಲಿ?" ಎಂದು ಇಂಜಿನಿಯರ್ ಕೇಳಿದ್ದ.

"ಅಂಗಡಿಗೆ" ಎಂದುಬಿಟ್ಟೆ. ಎಡವಟ್ಟಾದದ್ದು ಅಲ್ಲೇ.

ಖಾತ್ರಿ

ಮೊದಲ ಸಲ ಆತ ತನ್ನಂಥವರಿಗೇ ಬರೆದಿದ್ದ. ಏನು ಒತ್ತಿದರೂ ಯಂತ್ರ "ಖಾತ್ರಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ನಮ್ಮ ತಂದೆಯ ಕಾಲದಿಂದ ಲೆಕ್ಕ ಬರೆಯುತ್ತಿದ್ದ ಗುಮಾಸ್ತರು ಸ್ವಲ್ಪ ಹೊತ್ತು ತಾಳಿದರು, ಆಮೇಲೆ ಎದ್ದೇಬಿಟ್ಟರು.

"ನಿಮ್ಮಪ್ಪಾರು ಒಂದಿನ ಹಿಂಗ ಕೇಳಿದ್ದಿಲ್ಲ. ಇದು ನಿನ್ನಿ ಬಂದೈತಿ, ನನಗ ಖಾತ್ರಿ ಕೇಳ್ತೈತಿ!"

"ತಪ್ಪಾಗಬಾರದು ಅಂತ ಕೇಳುತ್ತೆ ಯಜಮಾನ್ರೇ" ಎಂದ ಇಂಜಿನಿಯರ್.

"ತಪ್ಪು ಮಾಡೋರಿಗೆ ಕೇಳ್ಲಿ ಬಿಡ್ರಿ. ಸಾವ್ಕಾರ್ರು ಕುಂತಾಗ ಕೇಳ್ಲಿ!"

ಗಾದಿ

ಹಾಗಾದರೆ ಗುಮಾಸ್ತರಿಗೇ ಬರೆ ಎಂದೆ. ಪ್ರಶ್ನೆಗಳು ಹೋದವು, ಅಕ್ಷರಗಳು ದಪ್ಪವಾದವು. ಆದರೆ ಗುಮಾಸ್ತರು ಕುರ್ಚಿ ಹತ್ತಲೊಲ್ಲರು. "ಕಾಲು ಜೋತು ಬಿಟ್ಟು ಕುಂತ್ರ ಲೆಕ್ಕ ಕೂಡಂಗಿಲ್ರಿ."

ಯಂತ್ರವನ್ನು ಅವರು ಕೂರುವ ಗಾದಿಯ ಮುಂದೆ ನೆಲಕ್ಕಿಳಿಸಿದೆವು. ಬಿಗಿ ಪ್ಯಾಂಟಿನ ಇಂಜಿನಿಯರನಿಗೆ ಚಕ್ಕಳಮಕ್ಕಳ ಹಾಕಿ ಕೂರಲಾಗದು. ಬೋರಲು ಮಲಗಿ ಕೀಲಿ ಒತ್ತತೊಡಗಿದ. ಅಷ್ಟರಲ್ಲಿ ಬಂದ ಇಟ್ಟಿಗಿ ಊರಿನ ರೈತರೊಬ್ಬರು ಅವನನ್ನು ನೋಡಿ, ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಕೇಳಿದರು: "ಯಾವಾಗಿಂದ ಆರಾಮಿಲ್ರಿ ಇವ್ರಿಗೆ?"

ದರ

ಹಬ್ಬ ಹತ್ತಿರ ಬಂತು. "ಈ ಸಲ ಗಿರಾಕಿಗೆ ಅಂತ ಬರೀತೀನಿ" ಎಂದ. ಪರದೆ ಬೀದಿಯ ಕಡೆ ತಿರುಗಿತು. ದರ ಗೇಣುದ್ದದ ಅಂಕಿಯಲ್ಲಿ ಹೊಳೆಯುವಂತಾಯಿತು.

ಆಗಿನ ವ್ಯಾಪಾರ ನಡೆಯುತ್ತಿದ್ದದ್ದು ಟವೆಲ್ ಅಡಿಯಲ್ಲಿ. ಖರೀದಿದಾರ ಅದರೊಳಗೆ ನನ್ನ ಬೆರಳು ಹಿಡಿದು ದರ ಹೇಳುವನು. ಪಕ್ಕದಲ್ಲಿ ಕುಳಿತವನಿಗೂ ಸುಳಿವಿಲ್ಲ. ಬಾಯಿ ಊರಿನ ಸುದ್ದಿ ಮಾತಾಡುತ್ತಿದ್ದರೆ ಬೆರಳು ವ್ಯಾಪಾರ ಮುಗಿಸುತ್ತಿತ್ತು. ಆ ಬೆರಳುಗಳ ಬಿಸಿ ಈಗ ಯಾವ ಮಾರುಕಟ್ಟೆಯಲ್ಲೂ ಸಿಗದು.

ಅವತ್ತು ಹಡಗಲಿಯ ಖರೀದಿದಾರನ ಜೊತೆ ದರ ಕುದುರಿತು. ಗುಮಾಸ್ತರ ಕಿವಿಯಲ್ಲಿ ಹೇಳಿದೆ. ಅವರು ಒತ್ತಿದರು. ಬೀದಿಯಲ್ಲಿದ್ದ ಬೇರೆ ಖರೀದಿದಾರರೆಲ್ಲ ದರವನ್ನು ಜೋರಾಗಿ ಓದಿದರು!

"ಏನ್ರಿ ಸಾವ್ಕಾರ್ರ, ಡಂಗುರ ಹೊಡಿಸಿದ್ರಲ್ರಿ!" ಎಂದು ಹಡಗಲಿಯವನು ಚಪ್ಪಲಿ ಮೆಟ್ಟಿದ. ಅವನೊಂದಿಗೆ ಕಂಪ್ಯೂಟರೂ ಹೋದಂತೆಯೇ ಎಂದುಕೊಂಡೆ.

ಗುಮಾಸ್ತರು ಹೆಗಲ ಟವೆಲ್ ತೆಗೆದು ಪರದೆಗೆ ಹೊದಿಸಿ, ತಾವೂ ಒಳಗೆ ತಲೆ ತೂರಿಸಿದರು. ಒಳಗಿನಿಂದ ದನಿ ಬಂತು: "ಈಗ ಬರ್ರಿ. ಮುಂದಿನ ರಾಶಿ ಎಷ್ಟಕ್ಕ?"

ಹಡಗಲಿಯವನು ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ಟವೆಲ್ ಅಂಚು ಎತ್ತಿ ತಾನೂ ಒಳಹೊಕ್ಕ.

ಹೊರಗುಳಿದ ಎರಡು ಬೆನ್ನುಗಳನ್ನು ನೋಡುತ್ತ ಇಂಜಿನಿಯರ್ ಕೇಳಿದ: "ಇನ್ನು ಯಾರಿಗೆ ಅಂತ ಬರೀಲಿ ಸಾವ್ಕಾರ್ರೇ?"

"ಏನೂ ಬರೀಬ್ಯಾಡಪ್ಪ, ಪುಣ್ಯಾತ್ಮ. ಕುದುರೈತಿ."

ಒಟ್ಟು ಗಳಿಕೆ: ನನಗೆ ಒಂದು ಕಂಪ್ಯೂಟರ್, ಇಂಜಿನಿಯರನಿಗೆ ಹಡಗಲಿಯಲ್ಲಿ ಇನ್ನೊಬ್ಬ ಗಿರಾಕಿ, ಗುಮಾಸ್ತರಿಗೆ ಅಂಗಡಿ ಖರ್ಚಿನಲ್ಲಿ ಡಬಲ್ ಪನ್ನದ ಅಗಲ ಟವೆಲ್, ಇಬ್ಬರ ತಲೆ ಹಿಡಿಸುವಂಥದ್ದು.