ಮಿಮಾಸ್‌ಗೆ ಸಾರು ಸುರಿದವರು

ಶನಿಗ್ರಹದ ಹಿಮಚಂದ್ರ ಮಿಮಾಸ್‌ನ ಮಹಾಕುಳಿಗೆ ಬಸ್ಸಾರು ಸುರಿದು, ಚಂದ್ರನ ಸಮೇತ ತಿಂದು ಮುಗಿಸಿದವರು ಗುಬ್ಬಿಯ ನಮ್ಮ ಮನೆಯಲ್ಲಿಯೇ ಇದ್ದಾರೆ. ಅವರು ನನ್ನ ಚಿಕ್ಕಪ್ಪ. ಸಾರು ಬಿಸಿ ಮಾಡಿಕೊಟ್ಟ ಸಹ ಆರೋಪಿ ನನ್ನ ತಾಯಿ. ಹೊಣೆಗಾರಿಕೆ ಎಂಬ ಪದವನ್ನು ವಿಶ್ವವಿದ್ಯಾಲಯದಿಂದ ಈ ಮನೆಗೆ ಹೊತ್ತು ತಂದವಳು ನಾನೊಬ್ಬಳೇ ಆದ್ದರಿಂದ, ದೂರು ಸಲ್ಲಿಸುವ ಭಾರವೂ ನನ್ನದೇ.

ಅಂದು ತುಮಕೂರಿನ ಕಾಲೇಜೊಂದರಲ್ಲಿ ಉಪನ್ಯಾಸಕಿಯ ಹುದ್ದೆಗಾಗಿ ನಾನು ಮಾದರಿ ಪಾಠ ಮಾಡಬೇಕಿತ್ತು. ಹಿಮಚಂದ್ರಗಳ ಮೇಲಿನ ದೊಡ್ಡ ಕುಳಿಗಳೇ ವಿಷಯ. ಎಂದೋ ಬಂಡೆಯೊಂದು ಅಪ್ಪಳಿಸಿ ಮಿಮಾಸ್‌ನ ಅಡ್ಡಗಲದ ಸುಮಾರು ಮೂರನೆಯ ಒಂದರಷ್ಟು ಅಗಲದ ಕುಳಿ ಬಿದ್ದಿದೆ. ನಡುವೆ ಶಿಖರವೂ ಇದೆ. ಅದನ್ನು ತೋರಿಸಲೆಂದೇ ಹಿಂದಿನ ದಿನದ ರಾಗಿಮುದ್ದೆಯೊಂದನ್ನು ಎತ್ತಿಟ್ಟು, ಹೆಬ್ಬೆರಳಿನಿಂದ ಕುಳಿ ಒತ್ತಿ, ಶಿಖರಕ್ಕೆ ಕಾಯಿಚೂರು ನೆಟ್ಟಿದ್ದೆ. ತಣ್ಣಗಾದ ಮುದ್ದೆ ಮಿಮಾಸ್‌ನ ಹಿಮದಂತೆಯೇ ಗಟ್ಟಿಯಾಗಿ ಕುಳಿಯನ್ನು ಕಾಪಾಡಿತ್ತು. ಚಿಕ್ಕಪ್ಪನಿಂದ ಕಾಪಾಡಲಿಲ್ಲ.

"ಮಧ್ಯೆ ಗುಂಡಿ ಮಾಡಿ ಕಾಯಿಚೂರು ಬೇರೆ ಇಕ್ಕಿದ್ಯಲ್ಲ. ಸಾರು ಹುಯ್ಕಳ್ಲಿ ಅಂತ ನಂಗೇ ಮಾಡಿಟ್ಟವ್ಳೆ ಅಂದ್ಕಂಡೆ ಕಣವ್ವಾ," ಎಂದರು ಚಿಕ್ಕಪ್ಪ, ಬೆರಳು ನೆಕ್ಕುತ್ತಾ.

"ಅದು ಮಿಮಾಸ್, ಚಿಕ್ಕಪ್ಪಾ!"

"ಯಾರದಾದ್ರೂ ಆಗ್ಲಿ ಬುಡು, ರುಚಿಯಾಗಿತ್ತು."

ಅಮ್ಮ ಮಾತ್ರ, "ಮುದ್ದೆ ನೋಡೋಕೆ ಮಾಡ್ತಾರೇನೇ? ತಡಿ, ಬಿಸೀದು ಇನ್ನೊಂದು ಕಟ್ಕೊಡ್ತೀನಿ," ಎಂದು ಒಲೆ ಹಚ್ಚಿದಳು. ಹೊಸ ಮುದ್ದೆಗೆ ಹೊಸ ಕುಳಿ ಒತ್ತಿ, ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದೆ. ತುಮಕೂರಿನ ಶಿರಾ ಗೇಟಿನಲ್ಲಿ ಇಳಿಯುವಷ್ಟರಲ್ಲಿ ಒಳಗಿನ ಬಿಸಿಗೆ ಮುದ್ದೆ ಕುಸಿದು, ಕುಳಿಯ ತಳ ಮೇಲೆದ್ದು, ಅಂಚುಗಳು ಇಳಿದುಹೋಗಿದ್ದವು.

"ಗುಂಡಿ ಎಲ್ಲಮ್ಮಾ?" ಎಂದರು ಹಿರಿಯ ಪರೀಕ್ಷಕರು.

ಆಗ ನೆನಪಿಗೆ ಬಂದದ್ದು ಶನಿಯ ಇನ್ನೊಂದು ಚಂದ್ರ ಟೆಥಿಸ್. ಅಲ್ಲಿಯ ದೊಡ್ಡ ಕುಳಿಯೂ ಹೀಗೆಯೇ. ಹಿಂದೆ ಒಳಗೆ ಬೆಚ್ಚಗಿದ್ದ ಹಿಮ ನಿಧಾನವಾಗಿ ಹರಿದು, ತಳ ಉಬ್ಬಿ, ಚಂದ್ರನ ದುಂಡಗಿನ ಆಕಾರಕ್ಕೆ ಹೊಂದಿಕೊಂಡಿದೆ. ಇದನ್ನೇ ತೋರಿಸಲು ಬಂದವಳಂತೆ ಗಂಭೀರವಾಗಿ ವಿವರಿಸಿದೆ.

"ಅರ್ಥ ಆಯ್ತಮ್ಮಾ," ಎಂದರು ಅವರು. "ಮುದ್ದೆ ತಂದವಳು ಸಾರು ತರೋದಲ್ವಾ?"

ಹುದ್ದೆ ನನಗೇ ಸಿಕ್ಕಿದೆ. ಆದರೂ ತಪ್ಪು ತಪ್ಪೇ. ಆದ್ದರಿಂದ ಚಿಕ್ಕಪ್ಪನವರು ವಿಚಾರಿಸದೆ ಚಂದ್ರನನ್ನು ಭಕ್ಷಿಸಿದ್ದಕ್ಕೆ ಕೂಡಲೇ ಸಮಜಾಯಿಷಿ ನೀಡಬೇಕು. ಮತ್ತು ಸೋಮವಾರ ನನ್ನ ಮೊದಲ ತರಗತಿ ಇರುವುದರಿಂದ, ಅಂದು ಬೆಳಿಗ್ಗೆಯೂ ನಾನು ಎತ್ತಿಟ್ಟ ಮುದ್ದೆಯ ಮೇಲೆ ತಪ್ಪದೆ ಅದೇ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.