ಹೊಸಪೇಟೆಯಲ್ಲಿ ಬೆಚ್ಚಗಿನ ಧ್ವನಿ

"ಇವತ್ತಿನಿಂದ ಈ ಮನ್ಯಾಗ ಮೊಬೈಲ್ ಹಾಡು ಬಂದ್!" ಎಂದು ಘೋಷಿಸಿಯೇಬಿಟ್ಟೆ.

ಈ ರಾಜಾಜ್ಞೆಗೆ ಕಾರಣ, ನಮ್ಮ ಮೇಜಿನ ಮೇಲೆ ವಿರಾಜಮಾನವಾಗಿದ್ದ ಹೊಸ ಟ್ಯೂಬ್ ಸೀಡಿ ಪ್ಲೇಯರ್. ಕಪ್ಪು ಮೈ, ತಲೆಯ ಮೇಲೆ ಗಾಜಿನ ನಾಲ್ಕು ಟ್ಯೂಬುಗಳು. ಕರೆಂಟು ಕೊಟ್ಟರೆ ಅವು ಗರ್ಭಗುಡಿಯ ದೀಪದಂತೆ ಮೆಲ್ಲಗೆ ಕೆಂಪಾಗುತ್ತವೆ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಮೊದಲು ಟ್ಯೂಬ್ ಪ್ಲೇಯರ್ ತಂದವನೂ ನಾನೇ! ಜೊತೆಗೆ ಬಂದ ಪುಸ್ತಿಕೆಯನ್ನು, ಪರೀಕ್ಷೆಗೆ ಓದಿದ ಹಾಗೆ, ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆಳೆದು ಓದಿದ್ದೆ.

ನನ್ನ ಹೆಂಡತಿ ಶೈಲಶ್ರೀ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅದಕ್ಕೊಂದು ಪ್ರದಕ್ಷಿಣೆ ಹಾಕಿದಳು.

"ಟ್ಯೂಬ್ ಅಂತೀರಿ. ಪಂಚರ್ ಆದ್ರ ಏನ್ ಮಾಡ್ತೀರಿ?"

"ಇದು ಗಾಳಿ ತುಂಬೋ ಟ್ಯೂಬ್ ಅಲ್ಲ! ಇದ್ರಿಂದ ಹಾಡು ಬೆಚ್ಚಗ ಬರ್ತೈತಿ. ಬೆಚ್ಚಗಿನ ಧ್ವನಿ ಅಂತಾರ ಇದಕ್ಕ."

"ಹೊಸಪ್ಯಾಟ್ಯಾಗ ಬೆಚ್ಚಗಿನ ಧ್ವನಿ ಯಾಕ್ರಿ? ತಣ್ಣಗಿನ ಧ್ವನಿ ಸಿಕ್ರ ತರ್ರಿ!"

ಅರಸಿಕರಿಗೆ ಉತ್ತರ ಕೊಡಬಾರದೆಂದು ಸ್ವಿಚ್ ಹಾಕಿದೆ. ಏನೂ ಆಗಲಿಲ್ಲ. "ಸ್ವಲ್ಪ ತಡಿ, ಟ್ಯೂಬ್ ಬಿಸಿ ಆಗಬೇಕು" ಎಂದೆ.

"ಮನ್ಯಾಗ ಒಂದು ಟ್ಯೂಬ್‌ಲೈಟ್ ಇತ್ತು," ಅವಳು ನನ್ನನ್ನೇ ನೋಡುತ್ತಾ ಅಂದಳು, "ಈಗ ಐದಾದ್ವು. ಇರ್ಲಿ, ಒಂದು ಹಾಡು ಹಚ್ರಿ, ಕೇಳೋಣ."

ಆಗ ನನ್ನ ತಲೆಯೊಳಗಿನ ಟ್ಯೂಬ್ ಹತ್ತಿತು. ಮನೆಯಲ್ಲಿ ಒಂದೇ ಒಂದು ಸೀಡಿ ಇಲ್ಲ! ಪುಸ್ತಿಕೆಯ ಮೊದಲ ಸಾಲೇ 'ಸೀಡಿಯನ್ನು ಒಳಗಿಡಿ' ಎಂದಿತ್ತು. ಅದಕ್ಕೂ ಗೆರೆ ಎಳೆದಿದ್ದೆ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಕಮಲಾಪುರದ ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಆಗಲೇ ನಾಲಿಗೆ ಉದ್ದ ಮಾಡಿಯಾಗಿತ್ತು. ಅಲ್ಲಿ ಮಧ್ವೇಶ ಸರ್ ಇದ್ದಾರೆ. ಸಂಗೀತ ಬಲ್ಲವರು, ಮಿಕ್ಸರ್ ತಿರುಗಿದರೂ "ಶ್ರುತಿ ಸ್ವಲ್ಪ ಕಮ್ಮಿ ಅದ" ಎನ್ನುವವರು. ಮಷಿನ್ ಹಾಡಿಗೆ ತಾನು ಎಂದೂ ಕರಗಿಲ್ಲ ಎಂದು ಅವರು ಹೇಳಿದಾಗ ನಾನು ಎದೆ ತಟ್ಟಿ, "ಭಾನುವಾರ ಮನೀಗೆ ಬರ್ರಿ ಸರ್. ನಿಮ್ಮ ಕಣ್ಣಾಗ ನೀರು ತರಿಸದಿದ್ರ ನನ್ನ ಹೆಸರು ಹಂಪೇಶ್ ಅಲ್ಲ!" ಎಂದಿದ್ದೆ. ಸಹೋದ್ಯೋಗಿಗಳು ಆಗಲೇ ನನಗೊಂದು ಹೊಸ ಹೆಸರು ಹುಡುಕತೊಡಗಿದ್ದರು.

ಹೊಸಪೇಟೆಯ ಅಂಗಡಿ ಅಂಗಡಿ ಅಲೆದೆ. "ಸೀಡಿನಾ? ಸರ್, ಪೆನ್‌ಡ್ರೈವೇ ಮುದುಕ ಆತು!" ಎಂದು ಮೊಬೈಲ್ ಅಂಗಡಿಯವನು ನಕ್ಕ. ಅಷ್ಟರಲ್ಲಿ ನೆನಪಾಯಿತು. ಹಾಸ್ಟೆಲಿನಲ್ಲಿದ್ದಾಗ ಚಹಾ ಬಿಟ್ಟು ಕೂಡಿಸಿದ ನನ್ನ ಸೀಡಿಗಳೆಲ್ಲ ನಮ್ಮೂರು ಮೆಟ್ರಿಯಲ್ಲಿ ಅಣ್ಣನ ಮನೆಯಲ್ಲಿವೆ! ತಕ್ಷಣ ಅಣ್ಣ ದೊಡ್ಡಬಸಪ್ಪನಿಗೆ ಫೋನು ಹಚ್ಚಿದೆ.

"ಅಣ್ಣಾ, ನನ್ನ ಸೀಡಿ ಅದಾವೇನು?"

"ಅದಾವಲೇ ತಮ್ಮಾ! ದಿನಾ ಉಪಯೋಗ ಆಗಾಕತ್ಯಾವ. ಭಾಳ ಮಸ್ತ್ ಅದಾವ!"

ಟ್ರ್ಯಾಕ್ಟರ್ ಸದ್ದು ಬಿಟ್ಟರೆ ಬೇರೇನೂ ಕೇಳದ ನನ್ನ ಅಣ್ಣ, ದಿನಾ ಸಂಗೀತ ಕೇಳುತ್ತಿದ್ದಾನೆ!

"ಎಲ್ಲಾ ಸೀಡಿನೂ?"

"ಎಲ್ಲಾನೂ! ಎರಡು ಎಕರೆಕ್ಕ ಬರೋಬ್ಬರಿ ಆಗ್ಯಾವ ನೋಡು."

ಸಂಗೀತವನ್ನು ಎಕರೆಯಲ್ಲಿ ಅಳೆಯುವುದನ್ನು ನಾನು ಎಲ್ಲೂ ಓದಿರಲಿಲ್ಲ. ಸಿಕ್ಕ ಬಸ್ಸು ಹತ್ತಿ ಮೆಟ್ರಿಗೆ ಹೋದೆ.

ಅಣ್ಣ ನನ್ನನ್ನು ನೇರ ಗದ್ದೆಗೇ ಕರೆದೊಯ್ದ. ಹಾಲುಗಾಳಿನ ಭತ್ತ ತೂಗುತ್ತಿತ್ತು. ಅದರ ಮೇಲೆ ಈ ಬದುವಿನಿಂದ ಆ ಬದುವಿಗೆ ಹಗ್ಗ ಬಿಗಿದು, ಹಗ್ಗದುದ್ದಕ್ಕೂ ನನ್ನ ಸೀಡಿಗಳು! ರಾಗಗಳೂ ಭಾವಗೀತೆಗಳೂ ನಡುವಿನ ತೂತಿಗೆ ದಾರ ಪೋಣಿಸಿಕೊಂಡು, ಗಾಳಿಗೆ ಗಿರಗಿರನೆ ತಿರುಗುತ್ತಾ ಹಕ್ಕಿ ಬೆದರಿಸುತ್ತಿದ್ದವು.

"ನಿನ್ನ ಸಂಗೀತಕ್ಕ ಅಂಜಿ ಒಂದ್ ಗುಬ್ಬಿ ಕೆಳಗ ಇಳಿದಿಲ್ಲ!" ಅಣ್ಣ ಬೆನ್ನು ತಟ್ಟಿದ.

"ಅಣ್ಣಾ, ಭಾನುವಾರದ ಮಟ್ಟಿಗೆ ಇವು ನನಗ ಬೇಕು. ಸೋಮವಾರ ವಾಪಸ್ ತರ್ತೀನಿ."

"ಅಲ್ಲಿತನಕ ನಾ ತಾಟು ಬಡ್ಕೊಂತ ನಿಂದರ್ಲೇನು? ಇವು ಮಣ್ಣು ಹಿಡಿದು ಮಬ್ಬಾಗ್ಯಾವಲೇ, ಏನ್ ಮಾಡ್ತಿ ಒಯ್ದು?"

"ಒಂದು ಹೊಸ ಮಿಷಿನ್ ತಂದೀನಿ. ಒಳಗ ಸೀಡಿ ಹಾಕಿದ್ರ ಗರಗರ ತಿರುಗ್ತೈತಿ, ಮ್ಯಾಲೆ ಬಿಸಿ ಆಗ್ತೈತಿ."

ಅಣ್ಣ ಮಬ್ಬಾದ ಸೀಡಿಯೊಂದನ್ನು ತಿರುಗಿಸಿ ನೋಡಿ, ಮುಖ ಅರಳಿಸಿ, "ನೀ ಓದಿದ್ದು ಸಾರ್ಥಕ ಆತು ಬಿಡಲೇ" ಎಂದ. ತಾನೇ ಹಗ್ಗ ಬಿಚ್ಚಿಕೊಟ್ಟ.

ಮನೆಗೆ ತಂದು, ಪಾತ್ರೆ ಸೋಪಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಹಕ್ಕಿಹಿಕ್ಕೆ ತಿಕ್ಕಿ, ಮಾಳಿಗೆಯ ಮೇಲೆ ಪಂಚೆ ಹಾಸಿ ಒಣಗಿಸಿದೆ. ಶೈಲಶ್ರೀ ಬಂದು ನೋಡಿ, "ಸಂಡಿಗಿ ಚೆಂದ ಬಂದಾವ. ಕರಿಯಾಕ ಎಣ್ಣಿ ಇಡ್ಲೇನ್ರಿ?" ಎಂದಳು.

ಭಾನುವಾರ ಮಧ್ವೇಶ ಸರ್ ಬಂದರು. ಫ್ಯಾನಿನ ಕಿರಿಕಿರಿ ಸ್ವರ ಸೇರಬಾರದೆಂದು ಅದನ್ನು ಆರಿಸಿದೆ. ಬೀದಿಯ ಸದ್ದು ಬರಬಾರದೆಂದು ಕಿಟಕಿ ಮುಚ್ಚಿದೆ. ಟ್ಯೂಬುಗಳು ಕೆಂಪಗೆ ಕಾದವು. ನಾವೂ ಕಾದೆವು, ಎರಡೂ ಅರ್ಥದಲ್ಲಿ! ಸರ್ ಬೆವರುತ್ತಲೇ ಕಣ್ಣು ಮುಚ್ಚಿ ಧ್ಯಾನಸ್ಥರಾದರು.

ಮೊದಲ ಸೀಡಿ ಹಾಕಿದೆ. ಸದ್ದೇ ಇಲ್ಲ.

"ಆರಂಭದ ಮೌನ ಭಾಳ ಛಲೋ ಅದ" ಎಂದರು ಸರ್.

ಇನ್ನೊಂದು ಹಾಕಿದೆ. ಹಾಡೇನೋ ಹೊರಟಿತು, ಒಂದೇ ಅಕ್ಷರಕ್ಕೆ ಸಿಕ್ಕಿಕೊಂಡಿತು: "ಬಾ... ಬಾ... ಬಾ... ಬಾ..."

"ಬಂದೆ ಬಂದೆ!" ಅಡುಗೆಮನೆಯಿಂದ ಶೈಲಶ್ರೀ ಕೂಗಿದಳು. "ಮಿರ್ಚಿ ಕರಿಯಾಕತ್ತೀನಿ, ಯಾಕ್ ಹಂಗ ಒದರ್ತೀರಿ?"

"ಆಹಾ! ಎಂಥಾ ಗಮಕ!" ಎಂದರು ಸರ್, ಕಣ್ಣು ತೆರೆಯದೆ.

ಅದನ್ನು ತೆಗೆದು ಮತ್ತೊಂದು ಹಾಕಿದೆ. ಅದ್ಭುತ! ಎದುರಿಗೇ ಮನುಷ್ಯ ಕೂತು ಮಾತಾಡಿದಂತೆ, ತುಂಬುಕಂಠದ, ಜೇನಿನಂಥ, ಸಾಕ್ಷಾತ್ ಬೆಚ್ಚಗಿನ ಧ್ವನಿ:

"ರೈತ ಬಾಂಧವರೇ! ನಿಮ್ಮ ಭತ್ತಕ್ಕೆ ಕಾಂಡಕೊರಕ ಹುಳ ಬಿದ್ದಿದೆಯೇ? ಚಿಂತೆ ಬಿಡಿ!"

ಯಾವುದೋ ಔಷಧ ಅಂಗಡಿಯ ಪ್ರಚಾರದ ಸೀಡಿಯನ್ನೂ ಅಣ್ಣ ಅದೇ ಹಗ್ಗಕ್ಕೆ ಕಟ್ಟಿದ್ದ! ಆದರೂ ನಿಜ ಹೇಳುತ್ತೇನೆ, ಟ್ಯೂಬಿನ ಮಹಿಮೆಯೇ ಮಹಿಮೆ. ಹುಳದ ಹೆಸರು ಕೇಳಿದರೂ ಎದೆ ಕರಗುತ್ತಿತ್ತು!

ಸರ್ ಒಂದು ಕಣ್ಣು ತೆರೆದರು. ನನ್ನ ಹೆಸರು ನನ್ನಿಂದ ಕಳಚಿಕೊಳ್ಳುವುದರಲ್ಲಿತ್ತು. ಅಷ್ಟರಲ್ಲಿ ಶೈಲಶ್ರೀ ಮಂಡಕ್ಕಿ, ಬಿಸಿ ಮಿರ್ಚಿ ತಂದಿಟ್ಟಳು. ಸರ್ ಗಾಬರಿಯಲ್ಲೋ ಏನೋ ಒಂದು ಮಿರ್ಚಿಯನ್ನು ಇಡಿಯಾಗಿ ಬಾಯಿಗಿಟ್ಟರು. ಮುಖ ಟ್ಯೂಬಿಗಿಂತ ಕೆಂಪಾಯಿತು. ಕಣ್ಣಿಂದ ಧಾರೆ ಇಳಿಯಿತು!

"ನೀರು... ನೀರು..." ಎಂದರು.

"ಹೂಂ ಸರ್, ಕಣ್ಣಾಗ ನೀರು! ನಾ ಹೇಳಿದ್ದಿಲ್ಲೇನು?" ನಾನು ಕುಣಿದೆ.

"ಕುಡೀಲಿಕ್ಕೆ ನೀರು ಕೊಡ್ರೀ, ಹಂಪೇಶ್!"

ಹಂಪೇಶ್ ಎಂದೇ ಕರೆದರು. ಹೆಸರು ಉಳಿಯಿತು!

ಮಾತು ಕೊಟ್ಟಂತೆ ಸೋಮವಾರ ಸೀಡಿಗಳನ್ನೆಲ್ಲ ಅಣ್ಣನಿಗೆ ಒಪ್ಪಿಸಿ ಬಂದೆ. ಇಲ್ಲಿಗೆ ಮುಗಿಯಬೇಕಿತ್ತು. ಕೆಲವೇ ದಿನಗಳಲ್ಲಿ ಮನೆ ಮುಂದೆ ಆಟೋ ನಿಂತು, ಒಂದು ಗೊಬ್ಬರದ ಚೀಲ ಇಳಿಸಿ ಹೋಯಿತು. ಚೀಲದ ತುಂಬ ಕೆಸರು ಹಿಡಿದ ಸೀಡಿಗಳು! ಹಿಂದೆಯೇ ಅಣ್ಣನ ಫೋನು.

"ಲೇ ತಮ್ಮಾ, ಏನ್ ತೊಳೀತೈತೋ ನಿನ್ನ ಮಿಷಿನ್! ಬಿಸಿಲಿಗೆ ಫಳಫಳ ಅಂತಾವ, ಹಕ್ಕಿ ಎಲ್ಲಾ ಕಂಪ್ಲಿ ಕಡೆ ಓಡಿಹೋದ್ವು! ನಮ್ಮ ತಮ್ಮ ಓದಿದಾನ, ಸೀಡಿ ತೊಳಿಯೋ ಮಿಷಿನ್ ತಂದಾನ ಅಂತ ಊರಿಗೆಲ್ಲಾ ಹೇಳೀನಿ. ಮೂಕಣ್ಣಂದು, ದುರ್ಗಕ್ಕಂದು, ಎಲ್ಲಾರದೂ ಕಳಿಸೀನಿ ನೋಡು. ಜಲ್ದಿ ತೊಳೆದು ಕೊಡಪಾ, ಭತ್ತ ಬಲಿಯಾಕತ್ತೈತಿ!"

ಅದು ತೊಳೆಯುವ ಮಷಿನ್ ಅಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅಣ್ಣನ ದನಿಯಲ್ಲಿ ಎಂಥ ಹೆಮ್ಮೆ! ನಾನು ಡಿಗ್ರಿ ಪಾಸಾದ ದಿನವೂ ಅವನ ದನಿ ಅಷ್ಟು ಬೆಚ್ಚಗಿರಲಿಲ್ಲ.

"ಆತು ಅಣ್ಣಾ" ಎಂದೆ.

ಹಿತ್ತಲಲ್ಲಿ ಬಕೆಟ್ಟು, ಬ್ರಷ್ಷು ಹಿಡಿದು ಕುಕ್ಕರಗಾಲಲ್ಲಿ ಕೂತೆ. ಶೈಲಶ್ರೀ ನನ್ನ ಬೇಸರ ಕಳೆಯಲೆಂದು ಕಿಟಕಿಯ ಮೇಲೆ ತನ್ನ ಮೊಬೈಲ್ ಇಟ್ಟು ಹಾಡು ಹಚ್ಚಿದಳು. ರಾಜಾಜ್ಞೆಯ ನೆನಪು ಅವಳಿಗೂ ಬರಲಿಲ್ಲ, ನಾನೂ ತೆಗೆಯಲಿಲ್ಲ. ತೊಳೆದ ಸೀಡಿಯೊಂದನ್ನು ಎತ್ತಿ, ಅದರಲ್ಲಿ ಹಣೆಯ ಕುಂಕುಮ ಸರಿಮಾಡಿಕೊಳ್ಳುತ್ತಾ ಅವಳೆಂದಳು:

"ಬರೇ ತೊಳೆದು ಕಳಿಸಬ್ಯಾಡ್ರಿ, ಇಸ್ತ್ರೀನೂ ಮಾಡಿ ಕೊಡ್ರಿ. ಹೆಂಗೂ ಮಿಷಿನ್ ಬೆಚ್ಚಗೈತಿ!"