ಮೇಲೆ ನೋಡುವ ಮೀನಿನ ಹಿಂದೆ ಬಿದ್ದು

ಚರಂಡಿ ಬೇಕು, ಬೀದಿದೀಪ ಬೇಕು ಅಂತ ಆಫೀಸುಗಳ ಮುಂದೆ ಧಿಕ್ಕಾರ ಕೂಗುವ ನನ್ನಂಥ ಮನುಷ್ಯನಿಗೆ ಮೀನಿನ ಹುಚ್ಚು ಹಿಡಿದರೆ ಇಂಥವು ನಡೆಯುತ್ತಲೇ ಇರುತ್ತವೆ. ಚೀನಾದವರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಒಂದು ಗೋಲ್ಡ್‌ಫಿಶ್ ಇದೆ. ಬೆನ್ನ ಮೇಲೆ ರೆಕ್ಕೆಯಿಲ್ಲ, ಎರಡು ಕಣ್ಣೂ ಆಕಾಶಕ್ಕೆ ತಿರುಗಿವೆ. ಅದನ್ನು ಅಗಲವಾದ ತೊಟ್ಟಿಯಲ್ಲಿ ಬಿಟ್ಟು ಮೇಲಿಂದ ಬಗ್ಗಿ ನೋಡುತ್ತಾರೆ. ಅದೂ ನಿಮ್ಮನ್ನೇ ನೋಡುತ್ತದೆ. ಫೋನಿನಲ್ಲಿ ಕಂಡ ದಿನದಿಂದ ನನಗೆ ಒಂದೇ ಆಸೆ: ಒಮ್ಮೆ, ಮೇಲಿಂದ, ಕಣ್ಣಾರೆ ನೋಡಬೇಕು.

ತುಮಕೂರಿನ ಅಂಗಡಿ

ಅಕ್ವೇರಿಯಂ ಅಂಗಡಿಯ ಭಾಯ್‌ಗೆ ಫೋಟೊ ತೋರಿಸಿದೆ.

"ಇದಾ? ಹೋದ ಲೋಡಲ್ಲಿ ಒಂದು ಬಂದಿತ್ತು ಸಾರ್. ಕಣ್ಣು ಸರಿ ಇಲ್ಲ ಅಂತ ವಾಪಸ್ ಕಳಿಸ್‌ಬುಟ್ಟೆ."

"ಏನ್ ಭಾಯ್! ನೂರಾರು ವರ್ಷದಿಂದ ಬಂದಿರೋ ಕಣ್ಣು ಅದು!"

"ಅಷ್ಟು ಹಳೇ ಕಾಯಿಲೆನ ನಾನೆಲ್ಲಿ ವಾಸಿ ಮಾಡ್ಲಿ ಸಾರ್?"

ಗುಬ್ಬಿಯ ಮೇಷ್ಟ್ರ ಮನೆ

ಅದು ಸಿಗದಿದ್ದರೆ ಅದರ ನೆಂಟನನ್ನಾದರೂ ನೋಡೋಣ ಅಂತ ಗುಬ್ಬಿಗೆ ಹೋದೆ. ಅಲ್ಲಿ ಮೇಷ್ಟ್ರೊಬ್ಬರು ಮೈತುಂಬಾ ಮುತ್ತು ಅಂಟಿಸಿದಂತಿರುವ ಚೀನಾ ಮೀನು ತಂದಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಮೇಷ್ಟ್ರ ತಾಯಿ ಅಡ್ಡ ನಿಂತರು.

"ಒಳಕ್ಕೆ ಬರಬೇಡಪ್ಪಾ. ಮೀನಿಗೆ ಅಮ್ಮ ಆಗಿದೆ. ಮೈಯೆಲ್ಲಾ ಗುಳ್ಳೆ ಎದ್ದವೆ."

"ಅಜ್ಜೀ, ಅದರ ಚರ್ಮವೇ ಹಂಗೆ!"

"ನೀರು ಹಾಕೋಗಂಟ ಹೊರಗಿನೋರು ನೋಡಂಗಿಲ್ಲ."

"ಅದು ಇರೋದೇ ನೀರಲ್ಲಿ ಕಣಜ್ಜೀ!"

"ಅರಿಶಿನ ಬೇವು ಹಾಕ್ದಿದ್ರೆ ಅದೂ ಒಂದು ನೀರಾ?"

ಮೇಷ್ಟ್ರು ಒಳಗಿಂದ ಇಣುಕಿ ನೋಡಿ ಕೈ ಮುಗಿದರು. ತಹಶೀಲ್ದಾರ್ ಬಾಗಿಲು ತೆಗೆಸಿದ್ದೇನೆ. ಈ ಅಜ್ಜಿಯ ಬಾಗಿಲು ತೆಗೆಸಲಾಗದೆ ಬಸ್ ಹತ್ತಿದೆ.

ಕುಣಿಗಲ್‌ನ ಏಣಿ

ಕೊನೆಗೆ ಸುದ್ದಿ ಬಂತು. ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯವರೊಬ್ಬರ ಮನೆಯಲ್ಲಿ ಆ ಮೇಲೆ ನೋಡುವ ಮೀನೇ ಇದೆ! ಓಡಿದೆ. ಗಾಜಿನ ತೊಟ್ಟಿ ಬೀರುವಿನ ಮೇಲಿತ್ತು. ಕೆಳಗಿಂದ ಹೊಟ್ಟೆ ಮಾತ್ರ ಕಂಡಿತು. ಆಕಾಶ ನೋಡುವ ಜೀವಕ್ಕೆ ಸೀಲಿಂಗ್ ತೋರಿಸಿದ್ದರು! ನನಗೆ ರೇಗಿತು.

"ಯಾಕಮ್ಮಾ ಅಷ್ಟು ಮೇಲಿಟ್ಟಿದೀರ?"

ಮನೆಯಾಕೆ ಪಿಸುಗುಟ್ಟಿದರು, "ಕೆಳಗಿದ್ದಾಗ ಉಣ್ಣೋರನ್ನೇ ದುರುಗುಟ್ಕೊಂಡು ನೋಡ್ತಿತ್ತಂತೆ. ದೃಷ್ಟಿ ಆಗುತ್ತೆ ಅಂತ ನಮ್ಮತ್ತೆ ಎತ್ತಿಡಿಸಿದ್ರು."

ಏಣಿ ಕೇಳಿ ಹತ್ತಿದೆ. ಬಗ್ಗಿದೆ. ಕೆಂಡದ ಬಣ್ಣದ ನುಣುಪು ಬೆನ್ನು, ನೀರಲ್ಲಿ ಸೆರಗಿನಂತೆ ಬಿಚ್ಚಿಕೊಳ್ಳುವ ಬಾಲ. ಎರಡು ಚಿನ್ನದ ಉಂಗುರಗಳಂಥ ಕಣ್ಣು ಮೇಲೆದ್ದು ನನ್ನ ಮುಖಕ್ಕೇ ನಿಂತವು. ಆಫೀಸುಗಳ ಮುಂದೆ ನಿಂತು ಇಷ್ಟು ವರ್ಷ ಗಂಟಲು ಹರಿದುಕೊಂಡಿದ್ದೇನೆ, ಯಾರೂ ಹೀಗೆ ತಲೆಯೆತ್ತಿ ನೋಡಿರಲಿಲ್ಲ. ರೆಪ್ಪೆ ಬಡಿಯಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಯಜಮಾನರು ಊಟಕ್ಕೆ ಬಂದರು. ಹಿಂದೊಮ್ಮೆ ಕುಡಿಯುವ ನೀರಿಗಾಗಿ ನಾನು ಓವರ್‌ಹೆಡ್ ಟ್ಯಾಂಕ್ ಹತ್ತಿ ಧರಣಿ ಕೂತಿದ್ದನ್ನು ಕಂಡವರು. ಗಾಬರಿಯಾದರು. "ಅಣ್ಣಾ, ಇಳೀರಿ! ಏನು ಬೇಡಿಕೆ ಇದ್ರೂ ಕೂತು ಮಾತಾಡಣ!"

"ಬೇಡಿಕೆ ಏನೂ ಇಲ್ಲ."

ಅವರು ಹೆಂಡತಿ ಕಡೆ ತಿರುಗಿದರು. "ಹಂಗಾದ್ರೆ ಇವತ್ತು ಇಳಿಯಲ್ಲ ಕಣೇ. ಊಟ ಮೇಲಕ್ಕೇ ಕೊಡು."

ಮುದ್ದೆ ಸಾರು ಮೇಲಕ್ಕೆ ಬಂತು. ತಟ್ಟೆ ಕೈಯಲ್ಲೇ ಉಳಿಯಿತು, ನಾನು ಮೀನು ನೋಡುತ್ತಲೇ ಇದ್ದೆ. ಅತ್ತೆಯವರು ಕೆಳಗೆ ನಿಂತು ನನ್ನನ್ನು ನೋಡಿದರು, ಮೀನನ್ನು ನೋಡಿದರು, ಸೊಸೆಯನ್ನು ಕೂಗಿದರು:

"ಲೇ, ಉಪ್ಪು ಮೆಣಸಿನಕಾಯಿ ತಗೊಂಬಾರೇ! ಮೀನಿಗೆ ನಿವಾಳಿಸ್ಬೇಕು, ಪಾಪ ಅದಕ್ಕೇ ದೃಷ್ಟಿ ಆಗೋಯ್ತು!"